ಡಿರೋಜಿಯೊ ಮತ್ತು ಆತನ ಶಿಷ್ಯಮಂಡಲಿ

ನಮ್ಮ ಹಿರಿಯರು ಓದಿದ ಕೂಲಿಮಠಗಳ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಮರಳಿನ ಮೇಲೆ ಅಕ್ಷರ ತಿದ್ದಿಸುವ ಅಯ್ಯನವರು, ಅವರ ಕೈಯ ಬೆತ್ತ, ತಪ್ಪಿದ ಹುಡುಗನನ್ನು ತೊಲೆಯ ಹಗ್ಗಕ್ಕೆ ಜೋಲುಬಿಡುವ ಕೋದಂಡದ ಶಿಕ್ಷೆ, ಇವೆಲ್ಲ ಈಗ ನಗುತ್ತ ಹೇಳತಕ್ಕ ಸಂಗತಿಗಳಾಗಿವೆ. ಅಂತಹ ಮಠದಲ್ಲಿ ಪಾಠ ಒಪ್ಪಿಸುವುದಷ್ಟೆ ಶಿಷ್ಯನ ಕೆಲಸ. ಪ್ರಶ್ನೆ ಕೇಳುವುದು ಅಧಿಕಪ್ರಸಂಗ. ಆದರೆ ಎಲ್ಲರನ್ನೂ ಗೆಲ್ಲಲು ಬಯಸುವವನು ಶಿಷ್ಯನಿಂದ ಮಾತ್ರ ಸೋಲನ್ನು ಬಯಸಬೇಕೆಂಬ ಹಿರಿಯರ ಮಾತೂ ಇದೇ ನಾಡಿನಲ್ಲಿ ಬಳಕೆಯಲ್ಲಿದೆ. ಬಾಯಲ್ಲಿ ಈ ಮಾತು, ಕೈಯಲ್ಲಿ ಆ ಬೆತ್ತ: ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ನಾವು ಬಹುಕಾಲ ಬಾಳಿದ್ದೇವೆ.

ಕಟ್ಟುನಿಟ್ಟಾದ ವಿದ್ಯಾಶಾಲೆಯೊಂದರ ಒಳಗೆ ಇದ್ದುಕೊಂಡೇ ಉಪಾಧ್ಯಾಯನೊಬ್ಬನು ತನ್ನ ವಿದ್ಯಾರ್ಥಿಗಳನ್ನು ಸಮಾನರೆಂದು ಎಣಿಸಿ ನಡೆದುಕೊಂಡರೆ ಏನಾಗುತ್ತದೆ? ಶಾಲೆ ಉಳಿದೀತೆ? ಗುರುವಿನ ಮರ್ಯಾದೆ ಉಳಿದೀತೆ? ಈ ಪ್ರಶ್ನೆಗೆ ತರ್ಕದಿಂದ ಉತ್ತರ ಹೇಳುವುದಕ್ಕಿಂತ ಚರಿತ್ರೆಯಲ್ಲಿ ನಡೆದುಹೋದ ಒಂದು ಪ್ರಸಂಗವನ್ನು ನೋಡುವುದು ಮೇಲು. ಅದಕ್ಕಾಗಿ ಶ್ರೋತೃಗಳನ್ನು ಹತ್ತೊಂಬತ್ತನೆಯ ಶತಮಾನದ ಆದಿಭಾಗದ ಕಲಕತ್ತೆಗೆ ಕರೆದೊಯ್ಯುತ್ತೇನೆ.

1817ನೆಯ ಇಸವಿ ಜನವರಿ 20ರಂದು ಆ ನಗರದಲ್ಲಿ ಹಿಂದೂ ಕಾಲೇಜು ಸ್ಥಾಪಿತವಾಯಿತು. ತಮ್ಮ ಮಕ್ಕಳು ಇಂಗ್ಲಿಷ್ ಭಾಷೆಯನ್ನೂ ಪಾಶ್ಚಾತ್ಯ ಶಾಸ್ತ್ರಗಳನ್ನೂ ಕಲಿಯಬೇಕು, ಆದರೆ ಕುಲಾಚಾರವನ್ನು ಬಿಡಕೂಡದು, ಎಂಬುದು ಹಣ ಕೊಟ್ಟ ಹಿಂದೂ ಗೃಹಸ್ಥರ ಆಶಯ. ಹಿಂದೂಗಳಲ್ಲದವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಹೆಣ್ಣುಮಕ್ಕಳ ಮಾತಂತೂ ದೂರವೇ ಉಳಿಯಿತು. ಆಡಳಿತವೆಲ್ಲ ಒಂದು ಮಂಡಲಿಯ ಕೈಯಲ್ಲಿತ್ತು. ರಾಧಾಕಾಂತ ದೇವ, ರಾಮಕಮಲ ಸೇನ ಮೊದಲಾದ ಸಂಪ್ರದಾಯನಿಷ್ಠರೂ, ಸಂಸ್ಕೃತ ವಿದ್ವಾಂಸರಾದ ವಿಲ್ಸನ್ ಸಾಹೇಬರೂ, ಗಡಿಯಾರದ ವ್ಯಾಪಾರದಿಂದ ಬಂದ ಹಣವನ್ನು ವಿದ್ಯಾದಾನಕ್ಕೆ ಸುರಿದ ಡೇವಿಡ್ ಹೇರ್ ಸಾಹೇಬರೂ ಅದರಲ್ಲಿದ್ದರು. ಮಕ್ಕಳು ಹೊಸ ವಿದ್ಯೆಯನ್ನು ಕಲಿತೂ ಹಳೆಯ ಮನೆಗೆ ಹಳಬರಾಗಿಯೇ ಹಿಂದಿರುಗಬೇಕೆಂಬುದು ಸಂಸ್ಥೆಯ ನಿಯಮಗಳ ಸಾರವಾಗಿತ್ತು.

ಇಂತಹ ಕಾಲೇಜಿಗೆ 1826ರಲ್ಲಿ ಹೆನ್ರಿ ಲೂಯಿ ವಿವಿಯನ್ ಡಿರೋಜಿಯೊ ಎಂಬ ಹದಿನೇಳು ವರ್ಷದ ತರುಣನು ಸಾಹಿತ್ಯ ಮತ್ತು ಚರಿತ್ರೆಗಳ ಉಪಾಧ್ಯಾಯನಾಗಿ ಬಂದನು. ಆತನು 1809ನೆಯ ಏಪ್ರಿಲ್ 18ರಂದು ಕಲಕತ್ತೆಯಲ್ಲಿಯೇ ಹುಟ್ಟಿದವನು; ಪೋರ್ಚುಗೀಸ್ ಮೂಲದ ಮಿಶ್ರ ಮನೆತನದವನು. ಆಳುವ ಇಂಗ್ಲಿಷರ ಪಂಕ್ತಿಯಲ್ಲಾಗಲಿ, ಹಿಂದೂ ಗೃಹಸ್ಥರ ಪಂಕ್ತಿಯಲ್ಲಾಗಲಿ ಆತನಿಗೆ ಎಲೆ ಹಾಕುವವರು ಇರಲಿಲ್ಲ. ಬಾಲ್ಯದಲ್ಲಿ ಆತನು ಓದಿದ್ದು ಧರ್ಮತಲೆಯಲ್ಲಿ ಸ್ಕಾಟ್ಲೆಂಡಿನ ಡ್ರಮಂಡ್ ಎಂಬಾತನು ನಡೆಸುತ್ತಿದ್ದ ಶಾಲೆಯಲ್ಲಿ. ಅಲ್ಲಿ ಯೂರೋಪಿಯನ್ನರ, ಮಿಶ್ರಕುಲದವರ ಮತ್ತು ಭಾರತೀಯರ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತು ಓದುತ್ತಿದ್ದರು. ಮುಂದೆ ಭಾಗಲ್ಪುರದಲ್ಲಿ ಬಂಧುವೊಬ್ಬರ ನೀಲಿತೋಟದಲ್ಲಿ ಕೆಲವು ಕಾಲ ಇದ್ದು, ಗಂಗಾತೀರದಲ್ಲಿ ಕವಿತೆಗಳನ್ನು ಬರೆದು, ಹೆಸರು ಪಡೆದು ಊರಿಗೆ ಮರಳಿದನು. ಇತರರು ತನ್ನನ್ನು ಸಮಾನನೆಂದು ಎಣಿಸದೆ ಇರುವುದರ ನೋವನ್ನೂ, ಒಂದೇ ಬೆಂಚಿನ ಸುಖವನ್ನೂ ಬಲ್ಲವನಾಗಿಯೇ ಆತನು ಕಾಲೇಜಿನ ಬಾಗಿಲನ್ನು ದಾಟಿದನು.

ಆತನ ಶಿಷ್ಯರಾದ ಕೃಷ್ಣಮೋಹನ ಬ್ಯಾನರ್ಜಿ, ರಾಮತನು ಲಾಹಿರಿ, ರಾಧಾನಾಥ ಶಿಕ್ದಾರ್ ಈ ಮೂವರೂ 1813ರಲ್ಲಿ ಹುಟ್ಟಿದವರು. ಗುರುವಿಗಿಂತ ನಾಲ್ಕು ವರ್ಷಕ್ಕೆ ಕಿರಿಯರು. ರಸಿಕಕೃಷ್ಣ ಮಲ್ಲಿಕನಂತೂ ಕೇವಲ ಒಂದು ವರ್ಷಕ್ಕೆ ಕಿರಿಯನು. ವಯಸ್ಸಿನ ಸಾಮೀಪ್ಯವೇ ಸ್ನೇಹಕ್ಕೆ ಕಾರಣವೆಂದು ಯಾರಾದರೂ ಹೇಳಬಹುದು. ಆದರೆ ವಯಸ್ಸಿನಲ್ಲಿ ಸಮೀಪವಿರುವ ಉಪಾಧ್ಯಾಯನೇ ಅನೇಕವೇಳೆ ಹೆಚ್ಚು ಗದರಿಸುತ್ತಾನೆಂಬುದು ಅಧ್ಯಾಪಕವೃತ್ತಿಯಲ್ಲಿರುವ ನಮಗೆ ತಿಳಿಯದ ವಿಷಯವೇನಲ್ಲ. ತನ್ನ ಅಧಿಕಾರ ಎಲ್ಲಿ ಜಾರಿಹೋಗುವುದೋ ಎಂಬ ಭಯ ಅವನಿಗೆ ಇದ್ದೇ ಇರುತ್ತದೆ. ಡಿರೋಜಿಯೊ ಆ ಭಯವನ್ನು ಮೊದಲೇ ಬಿಟ್ಟಿದ್ದನು.

ತರಗತಿಯ ಗಂಟೆ ಹೊಡೆಯುವುದಕ್ಕೆ ಮೊದಲೂ, ಹೊಡೆದ ಮೇಲೂ ಹುಡುಗರು ಆತನ ಸುತ್ತ ನೆರೆಯುತ್ತಿದ್ದರು. ಮಾತು ಮುಗಿಯದಿದ್ದರೆ ಆತನ ಮನೆಗೇ ಹೋಗುತ್ತಿದ್ದರು. 1828ರ ಸುಮಾರಿನಲ್ಲಿ ಈ ಗೋಷ್ಠಿ ಒಂದು ಸಭೆಯಾಗಿ ಬೆಳೆದು ‘ಅಕಾಡೆಮಿಕ್ ಅಸೋಸಿಯೇಷನ್’ ಎಂಬ ಹೆಸರನ್ನು ಪಡೆಯಿತು. ಮಾಣಿಕ್‌ತಲೆಯ ಒಂದು ತೋಟದ ಮನೆಯಲ್ಲಿ ಅದು ಕೂಡುತ್ತಿತ್ತು. ಡಿರೋಜಿಯೊ ಅಧ್ಯಕ್ಷನು. ಹೇರ್ ಸಾಹೇಬರು ಬಂದು ಕೇಳುತ್ತ ಕುಳಿತಿರುತ್ತಿದ್ದರು. ಪುರುಷಪ್ರಯತ್ನ ದೊಡ್ಡದೋ ವಿಧಿ ದೊಡ್ಡದೋ, ಸತ್ಯಕ್ಕೆ ಏಕೆ ಬೆಲೆ, ದೇಶಭಕ್ತಿಯೆಂದರೇನು, ದೇವರು ಇರುವನೆಂಬುದಕ್ಕೂ ಇಲ್ಲವೆಂಬುದಕ್ಕೂ ಯಾವ ಯಾವ ಯುಕ್ತಿಗಳುಂಟು, ವಿಗ್ರಹಾರಾಧನೆ ಸರಿಯೆ, ಇಂಥವು ಚರ್ಚೆಯ ವಿಷಯಗಳು. ಹದಿನೈದು ಹದಿನಾರು ವರ್ಷದ ಹುಡುಗರು ಎದ್ದು ನಿಂತು ವಾದಿಸುವರು. ಗುರುವಿನ ಮಾತನ್ನೂ ಖಂಡಿಸುವರು.

ಇಲ್ಲಿ ಸಮಾನತೆ ಎಂಬ ಶಬ್ದದ ಅರ್ಥವನ್ನು ಸ್ವಲ್ಪ ವಿಚಾರಿಸಬೇಕು. ಶಿಷ್ಯರನ್ನು ಸಮಾನರೆಂದು ಎಣಿಸುವುದೆಂದರೆ ಅವರ ಹೆಗಲ ಮೇಲೆ ಕೈಹಾಕಿ ನಡೆಯುವುದೆಂದೂ, ಅವರು ಹೇಳಿದ್ದಕ್ಕೆಲ್ಲ ತಲೆದೂಗುವುದೆಂದೂ ಭಾವಿಸುವವರುಂಟು. ಡಿರೋಜಿಯೊ ಮಾಡಿದ್ದು ಇದಕ್ಕಿಂತ ಕಠಿಣವಾದದ್ದು. ನೀನು ಹೇಳಿದ ಮಾತಿಗೆ ಕಾರಣವನ್ನು ಕೊಡು ಎಂದು ಆತನು ಶಿಷ್ಯನನ್ನು ಕೇಳುತ್ತಿದ್ದನು; ಅದೇ ಪ್ರಶ್ನೆಯನ್ನು ಶಿಷ್ಯನು ತನ್ನನ್ನು ಕೇಳಿದಾಗ ತಾನೂ ಕಾರಣವನ್ನು ಕೊಡುತ್ತಿದ್ದನು. ಬೆತ್ತದ ಪೆಟ್ಟು ಒಂದು ಕ್ಷಣದಲ್ಲಿ ಮುಗಿಯುತ್ತದೆ. ಕಾರಣ ಕೊಡಬೇಕೆಂಬ ಕಟ್ಟು ಜೀವಮಾನವೆಲ್ಲ ಬಿಡುವುದಿಲ್ಲ.

ಮಕ್ಕಳು ಮನೆಗೆ ಹೋಗಿ ತಂದೆಯವರನ್ನೂ ಕಾರಣ ಕೇಳತೊಡಗಿದಾಗ ಊರಿನಲ್ಲಿ ಕೋಲಾಹಲವೆದ್ದಿತು. ಸಂಧ್ಯಾವಂದನೆಯ ಹೊತ್ತಿಗೆ ಹೋಮರನ ಕಾವ್ಯವನ್ನು ಹೇಳುತ್ತಾರೆ, ದೇವಿಗೆ ನಮಸ್ಕರಿಸು ಎಂದರೆ ಕೈಕುಲುಕುವವರಂತೆ ಆಡುತ್ತಾರೆ ಎಂದು ಕಥೆಗಳು ಹಬ್ಬಿದುವು. ಗೃಹಸ್ಥರು ಮಕ್ಕಳನ್ನು ಕಾಲೇಜಿನಿಂದ ಬಿಡಿಸತೊಡಗಿದರು. ಆಡಳಿತಮಂಡಲಿಯವರನ್ನು ಇಲ್ಲಿ ಕೇವಲ ದೂಷಿಸುವುದು ನ್ಯಾಯವಲ್ಲ. ಆ ಗೃಹಸ್ಥರ ನಂಬಿಕೆಯ ಮೇಲೆಯೇ ಸಂಸ್ಥೆ ನಿಂತಿತ್ತು. ಅದು ಕುಸಿದರೆ ಕಾಲೇಜೂ ಕುಸಿಯುವುದೆಂಬ ಭಯ ಅವರಿಗೆ ಸಹಜವಾಗಿತ್ತು.

1831ನೆಯ ಏಪ್ರಿಲ್ ತಿಂಗಳಲ್ಲಿ ಮಂಡಲಿ ಸಭೆ ಸೇರಿತು. ತರುಣರಿಗೆ ವಿದ್ಯೆ ಹೇಳಲು ಡಿರೋಜಿಯೊ ಅಯೋಗ್ಯನೆ ಎಂಬ ಪ್ರಶ್ನೆ ಮೊದಲು ಬಂದಿತು. ಆಶ್ಚರ್ಯವೇನೆಂದರೆ, ಅಯೋಗ್ಯನೆಂದು ಹೇಳಲು ಬಹುಮತ ದೊರೆಯಲಿಲ್ಲ. ಆಗ ಪ್ರಶ್ನೆಯ ರೂಪವನ್ನೇ ಬದಲಾಯಿಸಿದರು: ನಗರದ ಹಿಂದೂಗಳ ಈಗಿನ ಮನಃಸ್ಥಿತಿಯನ್ನು ನೋಡಿದರೆ ಆತನನ್ನು ತೆಗೆಯುವುದು ಯುಕ್ತವೆ? ಇದಕ್ಕೆ ಬಹುಮತ ದೊರೆಯಿತು. ಹಿಂದೂಗಳ ಭಾವನೆಗೆ ಸಂಬಂಧಪಟ್ಟ ಈ ವಿಷಯದಲ್ಲಿ ವಿಲ್ಸನ್ ಮತ್ತು ಹೇರ್ ಸಾಹೇಬರು ಮತ ಕೊಡಲಿಲ್ಲ. ಯೋಗ್ಯತೆಯ ಪ್ರಶ್ನೆಯಲ್ಲಿ ಗೆದ್ದವನು ಯುಕ್ತತೆಯ ಪ್ರಶ್ನೆಯಲ್ಲಿ ಸೋತನು. ಹುಡುಗರ ಮಾತನ್ನು ಕೇಳದೆ ತೀರ್ಪು ಹೇಳದವನ ಮೇಲೆ, ಆತನ ಮಾತನ್ನು ಕೇಳದೆಯೇ ತೀರ್ಪಾಯಿತು.

ಡಿರೋಜಿಯೊ ರಾಜೀನಾಮೆ ಕೊಟ್ಟನು. ವಿಲ್ಸನ್ ಸಾಹೇಬರು ಮೂರು ಅಪವಾದಗಳನ್ನು ಕುರಿತು ಆತನ ಉತ್ತರವನ್ನು ಬೇಡಿದರು: ದೇವರಿಲ್ಲವೆಂದು ಬೋಧಿಸಿದೆಯಾ, ತಂದೆತಾಯಿಗಳಿಗೆ ವಿಧೇಯರಾಗಿರಬೇಕಿಲ್ಲವೆಂದು ಹೇಳಿದೆಯಾ, ಒಡಹುಟ್ಟಿದವರ ವಿವಾಹ ದೋಷವಲ್ಲವೆಂದೆಯಾ? ಏಪ್ರಿಲ್ 26ರ ದೀರ್ಘವಾದ ಪತ್ರದಲ್ಲಿ ಆತನು ಉತ್ತರ ಕೊಟ್ಟನು. ಮೂರನೆಯ ಅಪವಾದವನ್ನು ಶುದ್ಧ ಸುಳ್ಳೆಂದು ತಳ್ಳಿಹಾಕಿದನು. ಎರಡನೆಯದಕ್ಕೆ ಆತನು ಕೊಟ್ಟ ನಿದರ್ಶನ ಗಮನಾರ್ಹವಾದುದು: ತಂದೆಯ ಉಪದ್ರವವನ್ನು ತಾಳಲಾರದೆ ಮನೆಬಿಟ್ಟು ಹೋಗುತ್ತೇನೆಂದು ಬಂದ ದಕ್ಷಿಣಾರಂಜನ ಮುಖರ್ಜಿಗೆ, ದುಡುಕಬೇಡವೆಂದು ತಾನೇ ಬುದ್ಧಿ ಹೇಳಿದುದಾಗಿ ತಿಳಿಸಿದನು. ಮೊದಲನೆಯ ಅಪವಾದದ ಉತ್ತರದಲ್ಲಿ ಆತನ ಬೋಧನಕ್ರಮವೆಲ್ಲ ಅಡಗಿದೆ. ದೇವರ ಅಸ್ತಿತ್ವವನ್ನು ಸಂದೇಹಿಸುವ ಹ್ಯೂಮನ ವಾದವನ್ನು ಶಿಷ್ಯರಿಗೆ ತಿಳಿಸಿದುದು ನಿಜ. ಆ ವಾದಕ್ಕೆ ರೀಡ್ ಮತ್ತು ಡ್ಯೂಗಾಲ್ಡ್ ಸ್ಟೂಅರ್ಟರು ಕೊಟ್ಟ ಪ್ರತ್ಯುತ್ತರವನ್ನು ತಿಳಿಸಿದುದೂ ನಿಜ. ಒಂದೇ ಪಕ್ಷವನ್ನು ಕೇಳಿಸಿ ಇನ್ನೊಂದನ್ನು ಮುಚ್ಚಿಡುವುದು ತನ್ನಿಂದಾಗದು ಎಂಬುದು ಆತನ ನಿಲುವು.

ಅದೇ ವರ್ಷದ ಆಗಸ್ಟಿನಲ್ಲಿ ಕೃಷ್ಣಮೋಹನನ ಮನೆಯಲ್ಲಿ, ಆತನು ಇಲ್ಲದಿರುವಾಗ, ಗೆಳೆಯರು ಗೋಮಾಂಸವನ್ನು ತಿಂದು ಎಲುಬುಗಳನ್ನು ನೆರೆಮನೆಯ ಅಂಗಳಕ್ಕೆ ಎಸೆದರು. ಕೃಷ್ಣಮೋಹನನು ಮನೆಯನ್ನು ಬಿಡಬೇಕಾಯಿತು. ಈ ಕೃತ್ಯವನ್ನು ಯಾವ ವಾದದಿಂದಲೂ ಸಮರ್ಥಿಸಲಾಗದು. ಕಾರಣ ಕೇಳುವ ಹಕ್ಕು ತಮಗೆ ಇದ್ದಂತೆಯೇ ನೆರೆಯವರಿಗೆ ನೆಮ್ಮದಿಯ ಹಕ್ಕು ಉಂಟೆಂಬುದನ್ನು ಆ ತರುಣರು ಮರೆತರು. ಗುರುವಿನಿಂದ ಪಡೆದ ಸಮಾನತೆಯನ್ನು ಮತ್ತೊಬ್ಬನಿಗೆ ಕೊಡಲು ಅವರು ಇನ್ನೂ ಕಲಿತಿರಲಿಲ್ಲ. ಅದನ್ನು ಕಲಿಸುವುದಕ್ಕೆ ಗುರುವಿಗೂ ಕಾಲ ಉಳಿಯಲಿಲ್ಲ. ಪತ್ರಿಕೆಯೊಂದನ್ನು ನಡೆಸುತ್ತ ಕೆಲವು ತಿಂಗಳು ಬಾಳಿದ ಡಿರೋಜಿಯೊ, 1831ನೆಯ ಡಿಸೆಂಬರ್ 26ರಂದು ಕಾಲರಾ ರೋಗದಿಂದ ತೀರಿಕೊಂಡನು. ಆಗ ಆತನಿಗೆ ಇಪ್ಪತ್ತೆರಡು ವರ್ಷ. ಕಾಲೇಜು ಬಿಡಿಸಿದ ಗುರುವಿನ ಹಾಸಿಗೆಯ ಬಳಿ ಹಳೆಯ ಶಿಷ್ಯರು ಶುಶ್ರೂಷೆ ಮಾಡುತ್ತಿದ್ದರು. ಸಮಾನತೆಯಿಂದ ಗುರುಭಕ್ತಿ ಕೆಡುತ್ತದೆ ಎನ್ನುವವರು ಈ ಹಾಸಿಗೆಯನ್ನು ನೆನೆಯಬೇಕು.

ಆ ಶಿಷ್ಯರು ಮುಂದೆ ಏನಾದರು? ಕೃಷ್ಣಮೋಹನನು 1832ರಲ್ಲಿ ಕ್ರೈಸ್ತನಾಗಿ ಪಾದ್ರಿಯೂ ವಿದ್ವಾಂಸನೂ ಆದನು. ರಾಮತನು ಲಾಹಿರಿ 1851ರಲ್ಲಿ ಯಜ್ಞೋಪವೀತವನ್ನು ತೆಗೆದಿಟ್ಟು, ಜೀವಮಾನವನ್ನೆಲ್ಲ ಉಪಾಧ್ಯಾಯವೃತ್ತಿಯಲ್ಲಿ ಕಳೆದನು. ದಕ್ಷಿಣಾರಂಜನನು 1849ರಲ್ಲಿ ಬೆಥೂನ್ ಸಾಹೇಬರು ಸ್ಥಾಪಿಸಿದ ಹೆಣ್ಣುಮಕ್ಕಳ ಶಾಲೆಗೆ ಭೂಮಿಯನ್ನು ಕೊಟ್ಟನು. ಪ್ಯಾರೀಚಾಂದ ಮಿತ್ರನು ಆಡುಮಾತಿನ ಬಂಗಾಳಿಯಲ್ಲಿ ಕಾದಂಬರಿ ಬರೆದನು. ಸ್ತ್ರೀಯರಿಗೂ ತಿಳಿಯುವಂತಹ ಮಾಸಪತ್ರಿಕೆಯೊಂದನ್ನು ಆತನೂ ರಾಧಾನಾಥ ಶಿಕ್ದಾರನೂ ಕೂಡಿ 1854ರಲ್ಲಿ ಹೊರಡಿಸಿದರು. ಒಬ್ಬರ ದಾರಿ ಇನ್ನೊಬ್ಬರದಲ್ಲ. ಯಾರೊಬ್ಬರದೂ ಗುರುವಿನದರ ನಕಲಲ್ಲ. ಗುರು ತನ್ನ ಮತವನ್ನು ಹೇರಿದ್ದರೆ ಇಷ್ಟು ದಾರಿಗಳು ಒಡೆಯುತ್ತಿರಲಿಲ್ಲ.

ರಾಧಾನಾಥನ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳಬೇಕು. 1802ರಲ್ಲಿ ಮದರಾಸಿನ ಬಳಿ ಮೊದಲಾದ ದೊಡ್ಡ ತ್ರಿಕೋಣಮಿತಿ ಮೋಜಣಿಯಲ್ಲಿ ಆತನು 1831ರಲ್ಲಿ ಗಣಕನಾಗಿ ಸೇರಿದನು. ಹಿಮಾಲಯದ ಅತ್ಯುನ್ನತ ಶಿಖರವನ್ನು 1852ರಲ್ಲಿ ಲೆಕ್ಕದಿಂದ ಕಂಡವನೆಂದು ಪ್ರಸಿದ್ಧನಾಗಿದ್ದಾನೆ. ಅದಕ್ಕೆ ಮೊದಲು, 1843ರಲ್ಲಿ, ಡೆಹರಾಡೂನಿನ ಮ್ಯಾಜಿಸ್ಟ್ರೇಟನು ಮೋಜಣಿ ಇಲಾಖೆಯ ಆಳುಗಳಿಂದ ಬಿಟ್ಟಿಯಾಗಿ ಹೊರೆ ಹೊರಿಸಿದಾಗ ರಾಧಾನಾಥನು ಅದನ್ನು ತಡೆದನು. ಅದಕ್ಕಾಗಿ 200 ರೂಪಾಯಿ ದಂಡ ತೆತ್ತನು. ನೆರೆಮನೆಯ ಅಂಗಳದಲ್ಲಿ ಮಂಡಲಿ ಮರೆತಿದ್ದ ಪಾಠ ಇಲ್ಲಿ ಕೂಲಿಯಾಳಿನ ಹೆಗಲವರೆಗೂ ಬಂದಿತು.

ಅದೇ 1843ನೆಯ ಫೆಬ್ರವರಿಯಲ್ಲಿ ಹಿಂದೂ ಕಾಲೇಜಿನ ಸಭಾಂಗಣದಲ್ಲಿ ಹಳೆಯ ವಿದ್ಯಾರ್ಥಿಗಳ ಜ್ಞಾನೋಪಾರ್ಜನ ಸಭೆ ಸೇರಿತ್ತು. ಕಂಪೆನಿಯ ನ್ಯಾಯಾಸ್ಥಾನಗಳನ್ನೂ ಪೊಲೀಸನ್ನೂ ಕುರಿತು ದಕ್ಷಿಣಾರಂಜನನು ಪ್ರಬಂಧ ಓದುತ್ತಿರುವಾಗ, ಕಾಲೇಜಿನ ಪ್ರಿನ್ಸಿಪಾಲರಾದ ಕ್ಯಾಪ್ಟನ್ ರಿಚರ್ಡ್‌ಸನ್ನರು ಎದ್ದು, ಇದು ರಾಜದ್ರೋಹವೆಂದು ಗದರಿಸಿದರು. ಅಧ್ಯಕ್ಷಪೀಠದಲ್ಲಿದ್ದ ತಾರಾಚಂದ ಚಕ್ರವರ್ತಿಯೂ ಆ ಕಾಲೇಜಿನಲ್ಲಿ ಓದಿದವನೇ. ನೀವು ಇಲ್ಲಿ ಅತಿಥಿಗಳು, ಸಭೆಯ ಮರ್ಯಾದೆಗೆ ಒಳಪಟ್ಟವರು, ಆಡಿದ ಮಾತನ್ನು ಹಿಂತೆಗೆದುಕೊಳ್ಳಬೇಕು, ಎಂಬ ಭಾವದಿಂದ ಆತನು ಪ್ರಿನ್ಸಿಪಾಲರಿಗೆ ಉತ್ತರ ಕೊಟ್ಟನು. ಕೂಗಾಟವಿಲ್ಲ, ಅಪಮಾನವಿಲ್ಲ, ಸಮಾನನು ಸಮಾನನೊಡನೆ ಆಡತಕ್ಕ ಮಾತು. ಡಿರೋಜಿಯೊ ಸತ್ತು ಹನ್ನೊಂದು ವರ್ಷಗಳ ಮೇಲೆ, ಆತನನ್ನು ಹೊರಗೆ ಕಳುಹಿಸಿದ ಕಟ್ಟಡದ ಒಳಗೆಯೇ ಆ ಮಾತು ಕೇಳಿಸಿತು.

ಹಿಂದೂ ಕಾಲೇಜು 1855ರಲ್ಲಿ ಪ್ರೆಸಿಡೆನ್ಸಿ ಕಾಲೇಜಾಗಿ, 2010ರಲ್ಲಿ ವಿಶ್ವವಿದ್ಯಾನಿಲಯವಾಯಿತು. ಗೃಹಸ್ಥರು ಹೆದರಿದಂತೆ ಸಂಸ್ಥೆ ಕುಸಿಯಲಿಲ್ಲ. ಆದರೆ ಅದರ ಚರಿತ್ರೆಯನ್ನು ಬರೆಯುವವರು, ಅದು ತೆಗೆದುಹಾಕಿದ ಉಪಾಧ್ಯಾಯನಿಂದಲೇ ಮೊದಲಿಡಬೇಕಾಗಿದೆ.

ನಾನು ಚರಿತ್ರೆಯನ್ನು ಪಾಠ ಹೇಳುವವನು. ತರಗತಿಯೊಳಗೆ ಕಾಲಿಟ್ಟೊಡನೆ ಹುಡುಗರು ಎದ್ದು ನಿಲ್ಲುತ್ತಾರೆ. ಪಾಠ ಮುಗಿದ ಮೇಲೆ, ಸಂದೇಹವೇನಾದರೂ ಉಂಟೆ ಎಂದು ಕೇಳಿದರೆ ಎಲ್ಲರೂ ಸುಮ್ಮನಿರುತ್ತಾರೆ. ಬಹುಕಾಲ ಆ ಮೌನವನ್ನು ನಾನು ಗೌರವವೆಂದೇ ತಿಳಿದಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು, ‘ಸ್ವಾಮಿ, ಇದು ನಿಜವೆಂದು ನಮಗೆ ಹೇಗೆ ಗೊತ್ತು?’ ಎಂದು ಕೇಳಿದನು. ನನ್ನಲ್ಲಿ ತಕ್ಕ ಉತ್ತರವಿರಲಿಲ್ಲ. ಮೊದಲು ಸಿಟ್ಟು ಬಂದಿತು. ಮರುದಿನ ಪುಸ್ತಕ ಹುಡುಕಿಕೊಂಡು ಹೋಗಿ ಅವನೊಡನೆ ಕುಳಿತು ನೋಡಿದೆನು. ಆ ವರ್ಷ ನಾನು ನಿಜವಾಗಿ ಪಾಠ ಹೇಳಿದ ದಿನ ಅದೊಂದೇ ಇರಬಹುದು. ಶಾಲೆಯ ನಿಯಮಗಳು ನಮ್ಮ ಕೈಯಲ್ಲಿಲ್ಲ. ಗಂಟೆ, ಹಾಜರಿ, ಪರೀಕ್ಷೆ ಇವು ಇರತಕ್ಕವೇ. ಆದರೆ ಹುಡುಗನೊಬ್ಬನು ಎದ್ದು ಕಾರಣ ಕೇಳಿದಾಗ, ಕುಳಿತುಕೋ ಎನ್ನುವುದೋ, ಬಾ ನೋಡೋಣ ಎನ್ನುವುದೋ, ಅಷ್ಟು ಮಾತ್ರ ಇಂದಿಗೂ ಉಪಾಧ್ಯಾಯನ ಕೈಯಲ್ಲಿಯೇ ಉಳಿದಿದೆ.