ಯೋಜನಾ ನಿರ್ವಹಣೆ: ವಿಧಾನಗಳ ಆಯ್ಕೆ

ಕೈಗೆತ್ತಿಕೊಂಡ ಕೆಲಸದ ಸ್ವರೂಪ ನೋಡಿ ಅದಕ್ಕೆ ಒಪ್ಪುವ ನಿರ್ವಹಣಾ ವಿಧಾನವನ್ನು ಆರಿಸಿಕೊಳ್ಳುವ ಕ್ರಮ. ಸಾಫ್ಟ್‌ವೇರ್ ಯುಗದ ಚಿಂತನೆಯೆಂದು ಇದನ್ನು ಭಾವಿಸುವವರು ಬಹಳ. ಆದರೆ ಅಮೆರಿಕದಲ್ಲಿ 1950ರ ದಶಕದ ಕೊನೆಗೆ ಬೆನ್ನುಬೆನ್ನಿಗೆ ಹುಟ್ಟಿದ ಎರಡು ವಿಧಾನಗಳಲ್ಲೇ ಇದರ ಬೇರು ಕಾಣುತ್ತದೆ.

ಡುಪಾಂಟ್ ರಾಸಾಯನಿಕ ಕಂಪನಿಯ ಮಾರ್ಗನ್ ವಾಕರ್ ಹಾಗೂ ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ 1957ರ ಸುಮಾರಿಗೆ, ಒಟ್ಟು ಅವಧಿಯನ್ನು ನಿರ್ಧರಿಸುವ ಕೆಲಸಗಳ ಸರಪಳಿಯನ್ನು ಗುರುತಿಸುವ ಕ್ರಿಟಿಕಲ್ ಪಾತ್ ವಿಧಾನವನ್ನು ರೂಪಿಸಿದರು. ಕಾರ್ಖಾನೆ ಕಟ್ಟುವುದು, ದುರಸ್ತಿಗೆಂದು ಅದನ್ನು ನಿಲ್ಲಿಸುವುದು ಕಂಪನಿಗೆ ರೂಢಿಯ ಕೆಲಸ. ಯಾವ ಹಂತಕ್ಕೆ ಎಷ್ಟು ದಿನ ಹಿಡಿಯುತ್ತದೆಂದು ಎಂಜಿನಿಯರುಗಳು ಬಲ್ಲರು. ಹಾಗಾಗಿ ಒಂದು ಕೆಲಸಕ್ಕೆ ಒಂದೇ ಅವಧಿ ಸಾಕಾಯಿತು. ಎಲ್ಲಿ ಹಣ ಸುರಿದರೆ ಒಟ್ಟು ಕಾಮಗಾರಿ ಬೇಗ ಮುಗಿದೀತು ಎಂಬುದೇ ಅಲ್ಲಿನ ಪ್ರಶ್ನೆ.

ಮರುವರ್ಷ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಪರ್ಟ್ ವಿಧಾನವನ್ನು ತಂದಿತು. ಮುಳುಗಿದ ಜಲಾಂತರ್ಗಾಮಿಯಿಂದ ಇಂಥ ಕ್ಷಿಪಣಿ ಹಾರಿಸಿದ ಅನುಭವ ಅದಕ್ಕಿರಲಿಲ್ಲ. ಆದ್ದರಿಂದ ಪ್ರತಿ ಕೆಲಸಕ್ಕೂ ಮೂರು ಅಂದಾಜು: ಎಲ್ಲವೂ ಸಲೀಸಾದರೆ, ಸಾಮಾನ್ಯವಾಗಿ, ಎಲ್ಲವೂ ಕೆಟ್ಟರೆ. ನಡುವಿನದಕ್ಕೆ ನಾಲ್ಕು ಪಟ್ಟು ತೂಕ ಕೊಟ್ಟು, ಮೊತ್ತವನ್ನು ಆರರಿಂದ ಭಾಗಿಸುತ್ತಿದ್ದರು. 2, 4, 12 ವಾರಗಳ ಅಂದಾಜಿದ್ದರೆ 5 ವಾರ. 1960ರ ಜುಲೈನಲ್ಲಿ ಕ್ಷಿಪಣಿ ನೀರಿನಡಿಯಿಂದ ಹಾರಿತು, ಕೀರ್ತಿ ಪರ್ಟ್‌ಗೆ ಸಂದಿತು. ಆ ವಿಧಾನದಿಂದ ಕೆಲಸ ನಡೆದದ್ದಕ್ಕಿಂತ ಹೊರಗಿನವರ ಹಸ್ತಕ್ಷೇಪ ತಪ್ಪಿದ್ದೇ ಹೆಚ್ಚು ಎಂಬ ಧಾಟಿಯಲ್ಲಿ, ಪೊಲಾರಿಸ್ ಯೋಜನೆಯನ್ನು ಅಧ್ಯಯನ ಮಾಡಿದ ಹಾರ್ವಿ ಸಪೋಲ್‌ಸ್ಕಿ 1972ರಲ್ಲಿ ವಾದಿಸಿದರು. ಪಠ್ಯಪುಸ್ತಕಗಳಂತೂ ಕ್ರಿಟಿಕಲ್ ಪಾತ್, ಪರ್ಟ್ ಎರಡನ್ನೂ ಒಂದೇ ಅಧ್ಯಾಯಕ್ಕೆ ಸೇರಿಸಿ, ಅವು ಬೇರೆಬೇರೆಯಾಗಿ ಹುಟ್ಟಿದ ಕಾರಣವನ್ನೇ ಮಸುಕುಮಾಡಿದವು.

ವಿನ್ಯಾಸ ಮತ್ತು ನಗರ ಯೋಜನೆಯ ಚಿಂತಕರಾದ ಹೋರ್ಸ್ಟ್ ರಿಟೆಲ್ ಮತ್ತು ಮೆಲ್ವಿನ್ ವೆಬರ್ 1973ರಲ್ಲಿ ಇನ್ನೂ ಮುಂದೆ ಹೋದರು. ನಗರದ ಬಡತನದಂಥ ಮೊಂಡ ಸಮಸ್ಯೆಗಳಲ್ಲಿ ಸಮಸ್ಯೆ ಯಾವುದೆಂಬುದರಲ್ಲೇ ಒಮ್ಮತವಿರುವುದಿಲ್ಲ, ಪರಿಹಾರಕ್ಕೆ ಕೈಹಾಕಿದಾಗಲೇ ಅದರ ರೂಪ ತಿಳಿಯುತ್ತದೆ ಎಂದರು. ಅಂಥಲ್ಲಿ ಅವಧಿಯ ಯಾವ ಲೆಕ್ಕಾಚಾರವೂ ಸಾಲದು.

ಸಾಫ್ಟ್‌ವೇರ್‌ನಲ್ಲಿ ನಡೆದದ್ದು ತುಸು ವಿಚಿತ್ರ. ಒಂದು ಹಂತ ಮುಗಿದ ಮೇಲೆ ಮುಂದಿನದಕ್ಕೆ ಇಳಿಯುವ ಚಿತ್ರವನ್ನು ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಬರೆದದ್ದು, ಹಾಗೇ ಅನುಸರಿಸಿದರೆ ಅಪಾಯವೆಂದು ಎಚ್ಚರಿಸಲು. ಆದರೂ ಅವರೇ ಆ 'ವಾಟರ್‌ಫಾಲ್' ವಿಧಾನದ ಜನಕರೆನಿಸಿಕೊಂಡರು. ಇದಕ್ಕೆ ಪ್ರತಿಯಾಗಿ 2001ರಲ್ಲಿ 17 ಮಂದಿ ಯೂಟಾದ ಸ್ನೋಬರ್ಡ್‌ನಲ್ಲಿ ಸೇರಿ, ಬದಲಾವಣೆಗೆ ಹೊಂದಿಕೊಳ್ಳುತ್ತ ಸಾಗುವ 'ಅಜೈಲ್' ವಿಧಾನದ ಪ್ರಣಾಳಿಕೆ ಹೊರಡಿಸಿದರು. ಕೆಲವೇ ವರ್ಷಗಳಲ್ಲಿ ಅದೂ ಸರ್ವರೋಗಕ್ಕೆ ಮದ್ದಾಯಿತು. ಯಾವುದನ್ನು ಎಲ್ಲಿ ಬಳಸಬೇಕೆಂದು ಬ್ಯಾರಿ ಬೋಮ್ ಮತ್ತು ರಿಚರ್ಡ್ ಟರ್ನರ್ 2003ರಲ್ಲಿ ಐದು ಅಳತೆಗಳನ್ನಿಟ್ಟರು: ತಂಡದ ಗಾತ್ರ, ತಪ್ಪಿದರೆ ಆಗುವ ಹಾನಿ, ಬೇಡಿಕೆ ಬದಲಾಗುವ ವೇಗ, ಜನರ ಕೌಶಲ, ಸಂಸ್ಥೆಯ ಸಂಸ್ಕೃತಿ. ಇಂಥದೇ ಆಯ್ಕೆಗೆ ನೆರವಾಗುವ ಡೇವ್ ಸ್ನೋಡನ್ ಅವರ ಕನೆವಿನ್ ಚೌಕಟ್ಟು ಕಾರಣ–ಪರಿಣಾಮಗಳು ಎಷ್ಟು ಸ್ಪಷ್ಟವೆಂಬುದರ ಮೇಲೆ ಸನ್ನಿವೇಶಗಳನ್ನು ವಿಂಗಡಿಸುತ್ತದೆ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟಿನ ಮಾರ್ಗದರ್ಶಿಯ 2021ರ ಆವೃತ್ತಿಯು ನಿಗದಿತ ಪ್ರಕ್ರಿಯೆಗಳ ಬದಲು 12 ತತ್ತ್ವಗಳನ್ನು ಮುಂದಿಟ್ಟು, ವಿಧಾನವನ್ನು ಕೆಲಸಕ್ಕೆ ಹೊಂದಿಸಿಕೊಳ್ಳುವುದನ್ನೂ ಅವುಗಳಲ್ಲಿ ಸೇರಿಸಿತು.