ಮೇಲಿನ ಸಾಲಿನ ಹತ್ತು ಅಕ್ಷರಗಳು

ನಿಘಂಟು ಎಷ್ಟೇ ದಪ್ಪವಿರಲಿ, ಪದದ ಮೊದಲ ಅಕ್ಷರ ಗೊತ್ತಿದ್ದವನಿಗೆ ಮಾತ್ರ ಅದು ಬಾಗಿಲು ತೆರೆಯುತ್ತದೆ. ‘ಇಂತಿಂಥ ಅಕ್ಷರಗಳಿರುವ ಅತಿ ಉದ್ದದ ಇಂಗ್ಲಿಷ್ ಪದ ಯಾವುದು?’ ಎಂದು ಕೇಳಿ ನೋಡಿ, ಮೂರು ಸಾವಿರ ಪುಟದ ಪುಸ್ತಕವೂ ಮೂಕವಾಗುತ್ತದೆ. ಉತ್ತರ ಅದರೊಳಗೇ ಇದೆ, ಆದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದದೆ ಸಿಕ್ಕುವುದಿಲ್ಲ.

ನನ್ನ ಮಟ್ಟಿಗೆ ಈ ಪ್ರಶ್ನೆ ಹುಟ್ಟಿದ್ದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ. ನಮ್ಮ ಕಾಲದಲ್ಲಿ ಜೂನಿಯರ್, ಸೀನಿಯರ್ ಪಾಸು ಮಾಡಿದವರಿಗೆ ಗುಮಾಸ್ತೆಯ ಕೆಲಸವಾದರೂ ಸಿಕ್ಕೀತೆಂಬ ಆಸೆ ಮನೆಯವರಿಗೆಲ್ಲ ಇತ್ತು. ಯಂತ್ರದ ಮೇಲಿನ ಸಾಲಿನಲ್ಲಿ ಹತ್ತು ಅಕ್ಷರ: ಕ್ಯೂ, ಡಬ್ಲ್ಯೂ, ಇ, ಆರ್, ಟಿ, ವೈ, ಯು, ಐ, ಓ, ಪಿ. ಇಷ್ಟರಲ್ಲೇ ಹೊಡೆಯಬಹುದಾದ ಪದಗಳಲ್ಲಿ ‘ಟೈಪ್‌ರೈಟರ್’ ಎಂಬುದೂ ಒಂದು, ಹತ್ತು ಅಕ್ಷರದ್ದು. ಕ್ರಿಸ್ಟೊಫರ್ ಶೋಲ್ಸ್ ಅವರ ಯಂತ್ರವನ್ನು ರೆಮಿಂಗ್ಟನ್ ಕಂಪನಿ 1874ರಲ್ಲಿ ಮಾರುಕಟ್ಟೆಗೆ ತಂದಿತಷ್ಟೆ. ಮಾರಲು ಬಂದವನು ಗಿರಾಕಿಯ ಮುಂದೆ ಈ ಪದವನ್ನು ಪಟಪಟನೆ ಹೊಡೆದು ತೋರಿಸಲೆಂದೇ ಅಕ್ಷರಗಳನ್ನು ಹೀಗೆ ಜೋಡಿಸಿದರೆಂಬ ಕಥೆಯೊಂದಿದೆ. ಚೆಂದದ ಕಥೆ, ಆಧಾರವಿಲ್ಲ. ಅಂಗಡಿ ಬೋರ್ಡುಗಳ ಮೇಲಿನ ‘ಪ್ರೊಪ್ರೈಟರ್’ ಕೂಡ ಅದೇ ಸಾಲಿನದು, ಅದಕ್ಕೂ ಹತ್ತು. ನಮ್ಮ ನಾಟಕದವರ ‘ರೆಪರ್ಟರಿ’ಗೆ ಒಂಬತ್ತು. ನಡುವಿನ ಸಾಲಿನಲ್ಲಿ ಸ್ವರವೆಂದು ಇರುವುದು ‘ಎ’ ಒಂದೇ, ಹಾಗಾಗಿ ಕುದುರೆ ಮೇವಿನ ‘ಆಲ್ಫಾಲ್ಫಾ’ದಂಥ ಪದಕ್ಕೇ ಉಸಿರು ಕಟ್ಟುತ್ತದೆ. ಕೆಳಗಿನ ಸಾಲಿನಲ್ಲಿ ಸ್ವರವೇ ಇಲ್ಲ.

ಕನ್ನಡದಲ್ಲಿ ಬರೆಯುವಾಗ ಈ ಆಟದ ಅರ್ಧ ಸ್ವಾರಸ್ಯ ಮರೆಯಾಗುತ್ತದೆ, ಬಲ್ಲೆ. ನಮ್ಮ ಲಿಪಿ ಕಿವಿಗೆ ಕೇಳಿದ್ದನ್ನು ಬರೆಯುತ್ತದೆ. ಇಂಗ್ಲಿಷಿನವರು ಬರೆಯುವುದು ಒಂದು, ಓದುವುದು ಇನ್ನೊಂದು. ಆದರೆ ನಿಘಂಟಿನ ಕ್ರಮ ಸಾಲದೆಂಬ ಕಷ್ಟ ನಮ್ಮವರಿಗೂ ಹೊಸದಲ್ಲ. ದ್ವಿತೀಯಾಕ್ಷರ ಪ್ರಾಸ ಹಿಡಿದ ಹಳಗನ್ನಡದ ಕವಿಗೆ ಬೇಕಾಗಿದ್ದುದು ಎರಡನೆಯ ಅಕ್ಷರ ಇಂಥದೇ ಆಗಿರುವ ಪದ. ಮಹೇಶ್ವರನ ಸಂಸ್ಕೃತ ಕೋಶ ‘ವಿಶ್ವಪ್ರಕಾಶ’ (1111) ಪದಗಳನ್ನು ಜೋಡಿಸಿದ್ದು ಕೊನೆಯ ವ್ಯಂಜನದ ಮೇಲೆ, ಎಷ್ಟು ಅಕ್ಷರದ ಪದವೆಂಬ ಎಣಿಕೆಯ ಮೇಲೆ. ಯಾರು ಹುಡುಕುತ್ತಾರೆಂಬುದನ್ನು ನೋಡಿ ಕೋಶ ಕಟ್ಟಿದ್ದರು.

ಇಂಗ್ಲಿಷಿನಲ್ಲಿ ಇದು ಹವ್ಯಾಸಿಗಳ ಪಾಲಿಗೆ ಬಂತು. 1883ರಲ್ಲಿ ನ್ಯೂಯಾರ್ಕಿನಲ್ಲಿ ಒಗಟುಗಾರರ ಸಂಘವೊಂದು ಹುಟ್ಟಿತು. ಮುಂದೆ ಅದು ನ್ಯಾಷನಲ್ ಪಜ್ಲರ್ಸ್ ಲೀಗ್ ಎಂದಾಯಿತು. 1934ರಲ್ಲಿ ಬಂದ ವೆಬ್‌ಸ್ಟರ್ ನಿಘಂಟಿನ ಎರಡನೆಯ ಆವೃತ್ತಿ ಇಂಥವರಿಗೆ ದೊಡ್ಡ ಗಣಿ. ಮರುವರ್ಷ ಸಂಘದ ಅಧ್ಯಕ್ಷ ಎವರೆಟ್ ಸ್ಮಿತ್ ಒಂದು ಕಿತಾಪತಿ ಮಾಡಿದರು. ಉದ್ದದ ಪದ ಹುಡುಕುವ ಬದಲು ತಾವೇ ಕಟ್ಟಿದರು: ‘ನ್ಯೂಮೊನೊಅಲ್ಟ್ರಾಮೈಕ್ರೊಸ್ಕೋಪಿಕ್‌ಸಿಲಿಕೊವಾಲ್ಕೆನೊಕೋನಿಯೋಸಿಸ್’. ಇಂಗ್ಲಿಷಿನಲ್ಲಿ 45 ಅಕ್ಷರ. ಅತಿ ಸಣ್ಣ ಕಲ್ಲುಧೂಳು ಕುಡಿದು ಬರುವ ಶ್ವಾಸಕೋಶದ ಕಾಯಿಲೆ ಎಂದು ಅರ್ಥ. ಪತ್ರಿಕೆಯವರು ಅಚ್ಚು ಹಾಕಿದರು. 1939ರಲ್ಲಿ ವೆಬ್‌ಸ್ಟರಿನ ಪುರವಣಿಗೂ ಸೇರಿತು. ಯಾವ ವೈದ್ಯರೂ ಚೀಟಿಯಲ್ಲಿ ಬರೆಯಬೇಕಾಗಿರಲಿಲ್ಲ. ಏಕೆಂದರೆ ಆ ಧೂಳಿನ ಕಾಯಿಲೆಗೆ ‘ಸಿಲಿಕೋಸಿಸ್’ ಎಂಬ ಹೆಸರು ಆಗಲೇ ಇತ್ತು. ಒಂಬತ್ತೇ ಅಕ್ಷರ. ನಮ್ಮ ಕೋಲಾರದ ಚಿನ್ನದ ಗಣಿಗಳಿಗೆ ಇಳಿದ ಎಷ್ಟೋ ಜನರ ಎದೆ ತಿಂದದ್ದು ಆ ಒಂಬತ್ತು ಅಕ್ಷರದ್ದು. ಒಗಟಿನ ಸಂಘದವರಿಗೆ ಅದು ತಮಾಷೆಯ ಸಾಮಗ್ರಿಯಾಯಿತೆಂದು ನಾನು ಅವರನ್ನು ದೂರುವುದಿಲ್ಲ, ಆದರೆ ಆ ಉದ್ದದ ಪದವನ್ನು ಮಕ್ಕಳು ಬಾಯಿಪಾಠ ಒಪ್ಪಿಸುವುದನ್ನು ಕೇಳಿದಾಗ ನನಗೆ ನಗು ಬರುವುದಿಲ್ಲ.

ಅದೇ 1939ರಲ್ಲಿ ಅದೇ ನಿಘಂಟಿನ ಕಚೇರಿಯಲ್ಲಿ ಇನ್ನೊಂದು ಸಂಗತಿ ಬಯಲಾಯಿತು. ‘ಡಾರ್ಡ್’ ಎಂಬ ಪದಕ್ಕೆ ವ್ಯುತ್ಪತ್ತಿಯೇ ಇಲ್ಲದ್ದು ಸಂಪಾದಕರೊಬ್ಬರ ಕಣ್ಣಿಗೆ ಬಿತ್ತು. ಸಾಂದ್ರತೆ ಎಂದು ಅರ್ಥ ಕೊಟ್ಟಿದ್ದರು. ಹುಡುಕಿದರೆ, 1931ರಲ್ಲಿ ರಸಾಯನಶಾಸ್ತ್ರದ ಸಂಪಾದಕರು ಬರೆದ ಚೀಟಿ ಸಿಕ್ಕಿತು: ಸಾಂದ್ರತೆಯನ್ನು ದೊಡ್ಡ ‘ಡಿ’ ಅಥವಾ ಚಿಕ್ಕ ‘ಡಿ’ಯಿಂದ ಸೂಚಿಸಬಹುದು ಎಂದಷ್ಟೇ ಅದರಲ್ಲಿತ್ತು. ‘ಅಥವಾ’ ಎಂಬುದಕ್ಕಿರುವ ಇಂಗ್ಲಿಷ್ ಪದ ಆಚೀಚೆಯ ಎರಡು ‘ಡಿ’ಗಳ ಜೊತೆ ಅಂಟಿಕೊಂಡು ಒಂದು ಪದವೇ ಆಗಿಬಿಟ್ಟಿತ್ತು! 1947ರ ಸುಮಾರಿಗೆ ಅದನ್ನು ತೆಗೆದರು. ಅಲ್ಲಿಯವರೆಗೆ ಎರಡು ‘ಡಿ’, ಒಂದು ‘ಓ’, ಒಂದು ‘ಆರ್’ ಕೈಯಲ್ಲಿ ಹಿಡಿದು ಪದ ಹುಡುಕಿದವನಿಗೆ ವೆಬ್‌ಸ್ಟರ್ ಹುಟ್ಟೇ ಇಲ್ಲದ ಪದವನ್ನು ತೋರಿಸುತ್ತಿತ್ತು.

ಆಟವಾಗಿ ಇದು ಮನೆಮನೆಗೆ ಹೋದದ್ದು ಆಲ್ಫ್ರೆಡ್ ಬಟ್ಸ್ ಅವರಿಂದ. ಅಮೆರಿಕದ ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ವಾಸ್ತುಶಿಲ್ಪಿ ಆತ. ನ್ಯೂಯಾರ್ಕ್ ಟೈಮ್ಸಿನ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಕೂತು ಎಣಿಸಿ, ಅದರ ಆಧಾರದ ಮೇಲೆ ಬಿಲ್ಲೆಗಳನ್ನು ಹಂಚಿದರು. ನೂರು ಬಿಲ್ಲೆಗಳಲ್ಲಿ ‘ಇ’ಗೆ ಹನ್ನೆರಡು. ‘ಎಸ್’ ಮಾತ್ರ ನಾಲ್ಕೇ. ಹೆಚ್ಚು ಕೊಟ್ಟರೆ ಎಲ್ಲರೂ ಬಹುವಚನ ಮಾಡಿ ಗೆದ್ದುಬಿಡುತ್ತಾರೆಂಬ ಲೆಕ್ಕ. 1948ರಲ್ಲಿ ಅದಕ್ಕೆ ಸ್ಕ್ರ್ಯಾಬಲ್ ಎಂಬ ಹೆಸರು ಬಂತು.

ಪುಟ ಮಗುಚುವ ದುಡಿಮೆಯನ್ನು ತಪ್ಪಿಸಿದ್ದು ಕಂಪ್ಯೂಟರ್. ಬೆಲ್ ಲ್ಯಾಬೊರೇಟರಿಯ ಕೆನ್ ಥಾಂಪ್ಸನ್ ಬರೆದ ‘ಗ್ರೆಪ್’ ಎಂಬ ಪುಟ್ಟ ಹುಡುಕುವ ಪ್ರೋಗ್ರಾಂ 1973ರ ಹೊತ್ತಿಗೆ ಯುನಿಕ್ಸ್‌ನಲ್ಲಿ ಸೇರಿತು. ಪದಪಟ್ಟಿಯೊಂದನ್ನು ಕೊಟ್ಟು, ಇಂಥ ಅಕ್ಷರಗಳಷ್ಟೇ ಇರುವ ಸಾಲನ್ನು ತೋರಿಸು ಎಂದರೆ ತೋರಿಸುತ್ತದೆ. ‘ಇವೆಲ್ಲ ಇರಲೇಬೇಕು, ಮಿಕ್ಕದ್ದು ಏನಾದರೂ ಇರಲಿ’ ಎಂಬ ಪ್ರಶ್ನೆಗೆ ಇನ್ನೊಂದು ಉಪಾಯವಿದೆ. ಪ್ರತಿ ಪದಕ್ಕೂ ಇಪ್ಪತ್ತಾರು ಮನೆಗಳ ಒಂದು ಪಟ್ಟಿ. ಇರುವ ಅಕ್ಷರದ ಮನೆಗೆ ಒಂದು, ಇಲ್ಲದ್ದಕ್ಕೆ ಸೊನ್ನೆ. ಎರಡು ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ನೋಡಿದರಾಯಿತು. ಒಗಟುಗಾರರು ವರ್ಷಗಟ್ಟಲೆ ಕಣ್ಣು ಸವೆಸಿದ್ದನ್ನು ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತದೆ.

ಆದರೆ ಪಟ್ಟಿ? ಅದನ್ನು ಕಟ್ಟುವವರು ಈಗಲೂ ಮನುಷ್ಯರೇ. ಉತ್ತರ ಅಮೆರಿಕದ ಸ್ಕ್ರ್ಯಾಬಲ್ ಆಟಗಾರರ ಸಂಘ 2020ರಲ್ಲಿ ಜನಾಂಗ, ಜಾತಿ, ಲಿಂಗ ಹಿಡಿದು ಬಯ್ಯುವ ಇನ್ನೂರಕ್ಕೂ ಹೆಚ್ಚು ಪದಗಳನ್ನು ತನ್ನ ಪಟ್ಟಿಯಿಂದ ತೆಗೆಯಿತು. ಬಿಲ್ಲೆಗೆ ಅರ್ಥವಿಲ್ಲ, ಅಂಕವಷ್ಟೇ ಇದೆ ಎಂದು ವಾದಿಸಿದವರಿದ್ದರು. ಎದುರು ಕೂತವನ ಮೈಬಣ್ಣ ಆ ಬೈಗುಳದ್ದೇ ಆಗಿದ್ದರೆ ಬಿಲ್ಲೆಗೂ ಅರ್ಥ ಬರುತ್ತದೆ. ತೆಗೆದದ್ದು ಸರಿ ಎಂದೇ ನನ್ನ ಎಣಿಕೆ.

ಹಕ್ಕುಸ್ವಾಮ್ಯ ಮುಗಿದ ಆ 1934ರ ವೆಬ್‌ಸ್ಟರಿನಿಂದ ಎತ್ತಿದ ಪಟ್ಟಿಯೊಂದು ಇಂದಿಗೂ ಅನೇಕ ಯುನಿಕ್ಸ್ ಬಗೆಯ ಕಂಪ್ಯೂಟರುಗಳಲ್ಲಿ ಸುಮ್ಮನೆ ಕೂತಿದೆ. ಸುಮಾರು 2,34,000 ಪದ. ಅದರಲ್ಲಿ ಅತಿ ಉದ್ದದ ಪದಕ್ಕೆ 24 ಅಕ್ಷರವಷ್ಟೇ. ಸ್ಮಿತ್ ಅವರ 45 ಅಕ್ಷರದ್ದು ಅಲ್ಲಿಲ್ಲ. ಮೇಲಿನ ಸಾಲಿನ ಹತ್ತು ಅಕ್ಷರಗಳನ್ನು ಕೊಟ್ಟು ಹುಡುಕಿದರೆ ‘ಟೈಪ್‌ರೈಟರ್’ಗಿಂತ ಒಂದಕ್ಷರ ಹೆಚ್ಚಿನದು ಸಿಕ್ಕುತ್ತದೆ: ‘ರಪ್ಚರ್‌ವರ್ಟ್’. ಹರ್ನಿಯಾ ವಾಸಿಯಾಗುತ್ತದೆಂದು ನಂಬಿ ಯುರೋಪಿನ ಜನ ಹಿಂದೆ ಬಳಸುತ್ತಿದ್ದ, ನೆಲಕ್ಕಂಟಿ ಹರಡುವ ಒಂದು ಸಣ್ಣ ಗಿಡ ಅದು.