ಮರೆಹೊಕ್ಕವರೂ ಅವರ ಪರವಾಗಿ ನುಡಿದವರೂ



ನಮ್ಮ ನಾಡಿನ ಶಾಸನಗಳಲ್ಲಿ ಅರಸರ ಬಿರುದಾವಳಿಗಳನ್ನು ಓದುವವರಿಗೆ ‘ಶರಣಾಗತವಜ್ರಪಂಜರ’ ಎಂಬ ಮಾತು ಅಪರಿಚಿತವಲ್ಲ. ಮರೆಹೊಕ್ಕವನಿಗೆ ವಜ್ರದ ಗೂಡಿನಂತೆ ರಕ್ಷಣೆಯಾಗಿರುವವನು ಎಂದು ಅದರ ತಾತ್ಪರ್ಯ. ಬಿರುದುಗಳಲ್ಲಿ ಅತಿಶಯೋಕ್ತಿ ಸಹಜವಾದುದು. ಮೂರು ಹಳ್ಳಿಯ ಪಾಳೆಯಗಾರನೂ ಸಮುದ್ರಪರ್ಯಂತ ಭೂಮಿಯನ್ನು ಆಳಿದಂತೆ ಬರೆಯಿಸಿಕೊಂಡದ್ದುಂಟು. ಆದರೂ ಈ ಒಂದು ಬಿರುದಿನ ಅರ್ಥಕ್ಕೆ ತಕ್ಕಂತೆ ನಡೆದುಕೊಂಡ ರಾಜಮನೆತನವೊಂದು ಶಿವಮೊಗ್ಗದ ಸೀಮೆಯಲ್ಲಿಯೇ ಇತ್ತು. ಕೆಳದಿ, ಇಕ್ಕೇರಿ, ಬಿದನೂರು ಎಂಬ ಮೂರು ಸ್ಥಳಗಳಲ್ಲಿ ಒಂದಾದಮೇಲೊಂದರಂತೆ ರಾಜಧಾನಿಯನ್ನು ಮಾಡಿಕೊಂಡು ಆಳಿದ ಆ ನಾಯಕರ ನೆರಳಿಗೆ ಬಂದವರಲ್ಲಿ ಗೋವೆಯ ಕೊಂಕಣಿ ಕಥೋಲಿಕರೂ ಸೇರಿದ್ದರು. ಆ ಕಾಲದಿಂದ ಹಿಡಿದು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ವರೆಗೆ, ಬಂದವರಿಗಾಗಿ ಯಾರು ಬಾಯಿ ತೆರೆದು ಮಾತನಾಡಿದರು, ಆ ಮಾತಿನಿಂದ ಬಂದವರಿಗೆ ಹಿತವಾಯಿತೋ ಅಹಿತವಾಯಿತೋ ಎಂಬುದೇ ಈ ಭಾಷಣದ ವಿಷಯ.

ಗೋವೆಯು ಪೋರ್ಚುಗೀಸರ ವಶವಾದುದು 1510ರಲ್ಲಿ. 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಮತವಿಚಾರಣೆಯ ನ್ಯಾಯಸ್ಥಾನವು ಅಲ್ಲಿ ಏರ್ಪಟ್ಟಿತು. ದೇವರನ್ನು ಹೆಗಲಮೇಲೆ ಹೊತ್ತುಕೊಂಡು ದಕ್ಷಿಣಕ್ಕೆ ನಡೆದ ಸಾರಸ್ವತರ ಕಥೆ ಎಲ್ಲರಿಗೂ ತಿಳಿದದ್ದೇ. ಅಷ್ಟಾಗಿ ತಿಳಿಯದ ಸಂಗತಿಯೆಂದರೆ, ಕ್ರೈಸ್ತಮತವನ್ನು ಸ್ವೀಕರಿಸಿದ್ದ ಕೊಂಕಣಿಗಳೂ ಅದೇ ದಾರಿಯನ್ನು ಹಿಡಿದರೆಂಬುದು. ಮತ ಬದಲಾದರೂ ಮದುವೆಯ ಸೋಬಾನೆ, ಉಡುಗೆ, ಊಟದ ಪದ್ಧತಿ ಮೊದಲಾದುವು ಹಿಂದಿನಂತೆಯೇ ಉಳಿದಿದ್ದುವು. ಆ ಉಳಿಕೆಯೇ ನ್ಯಾಯಸ್ಥಾನದ ಕಣ್ಣಿಗೆ ಅಪರಾಧವಾಗಿ ಕಂಡಿತು. ಇದರ ಮೇಲೆ ತೆರಿಗೆಯ ಭಾರ, ರೋಗರುಜಿನ, 1683ರ ಸಂಭಾಜಿಯ ದಂಡಯಾತ್ರೆ. ಅದರ ಮರುವರ್ಷ, ಜನರು ಮೂರು ವರ್ಷಗಳೊಳಗೆ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸ್ ನುಡಿಯನ್ನು ಕಲಿಯಬೇಕೆಂದು ಸರ್ಕಾರದ ಆಜ್ಞೆಯೂ ಹೊರಟಿತು. ಹೀಗೆ ಕಥೋಲಿಕ ದೊರೆತನದಿಂದ ತಪ್ಪಿಸಿಕೊಂಡ ಕಥೋಲಿಕರು ವೀರಶೈವ ಅರಸರ ನಾಡಿನಲ್ಲಿ ನೆಲೆಯನ್ನು ಹುಡುಕಿದರು. ಮತವೊಂದಾದರೆ ಮನೆಯೂ ಒಂದಾಗುವುದೆಂಬ ಲೆಕ್ಕವು ಚರಿತ್ರೆಯಲ್ಲಿ ಎಷ್ಟೋ ಸಲ ತಪ್ಪಿದೆ.

ಕೆಳದಿಯವರು ಇವರನ್ನು ಒಳಕ್ಕೆ ಬಿಟ್ಟುಕೊಂಡುದಕ್ಕೆ ದಯೆಯೊಂದೇ ಕಾರಣವೆಂದು ನಾನು ಹೇಳಲಾರೆ. 1645ರಿಂದ 1660ರ ವರೆಗೆ ಆಳಿದ ಶಿವಪ್ಪನಾಯಕನು ಕರಾವಳಿಯನ್ನು ತನ್ನ ಹತೋಟಿಗೆ ತಂದುಕೊಂಡು, ಗದ್ದೆ ತೋಟಗಳ ಹುಟ್ಟುವಳಿಯನ್ನು ನೋಡಿ ಶಿಸ್ತನ್ನು ಗೊತ್ತುಮಾಡಿದ ರಾಜನೀತಿಜ್ಞ. ಕರಾವಳಿಯ ಅಕ್ಕಿ ಗೋವೆಗೂ ಮಸ್ಕತ್ತಿಗೂ ಹಡಗೇರಿ ಹೋಗುತ್ತಿದ್ದ ಕಾಲ ಅದು. ಗದ್ದೆಯಿದ್ದು ಗೇಯುವ ಕೈಗಳಿಲ್ಲದಿದ್ದರೆ ಶಿಸ್ತು ಎಲ್ಲಿಂದ ಬರಬೇಕು? ಬೇಸಾಯವನ್ನು ಬಲ್ಲ ಕುಟುಂಬಗಳು ತಾವಾಗಿಯೇ ಗಡಿ ದಾಟಿ ಬಂದಾಗ ಅವರನ್ನು ಹಿಂದಕ್ಕೆ ಅಟ್ಟುವ ಅರಸನು ಬುದ್ಧಿವಂತನಲ್ಲ. ಬಂದವರಲ್ಲಿ ಕೆಲವರು ಬಿದನೂರಿನ ಸೇನೆಯನ್ನೂ ಸೇರಿದರು. ಅವರ ವಸತಿಯು ಹೆಚ್ಚಾಗಿ ಘಟ್ಟದ ಕೆಳಗೆ; ಆದರೆ ಅವರ ಅಹವಾಲು ಇತ್ಯರ್ಥವಾಗುತ್ತಿದ್ದುದು ಘಟ್ಟದ ಮೇಲೆ, ಇಂದಿನ ಹೊಸನಗರ ತಾಲ್ಲೂಕಿನ ಮಳೆಗಾಡಿನ ನಡುವೆ, ನಗರವೆಂದು ಈಗ ಹೆಸರಾದ ಬಿದನೂರಿನಲ್ಲಿ.

ಹೊಟ್ಟೆಗೆ ಅನ್ನ, ತಲೆಗೆ ಸೂರು ದೊರೆತಮೇಲೆ ಈ ಜನ ಏನನ್ನು ಕೇಳಿದರು? ತಮ್ಮ ಮಕ್ಕಳಿಗೆ ಜ್ಞಾನಸ್ನಾನ ಮಾಡಿಸುವುದಕ್ಕೆ, ಸತ್ತವರನ್ನು ಮಣ್ಣುಮಾಡುವುದಕ್ಕೆ, ತಮ್ಮ ಜಗಳಗಳನ್ನು ತೀರಿಸುವುದಕ್ಕೆ ಒಬ್ಬ ಗುರುವನ್ನೂ ಒಂದು ಇಗರ್ಜಿಯನ್ನೂ ಕೇಳಿದರು. ವಿಚಿತ್ರವೆಂದರೆ ಅವರ ಪರವಾಗಿ ಅದನ್ನು ಕೇಳಿದವರು, ಯಾರ ಆಳ್ವಿಕೆಯಿಂದ ಅವರು ಓಡಿಬಂದಿದ್ದರೋ ಆ ಪೋರ್ಚುಗೀಸರೇ. 1671ರಲ್ಲಿಯೂ 1678ರಲ್ಲಿಯೂ ಗೋವೆಗೂ ಕೆಳದಿಗೂ ಆದ ಒಪ್ಪಂದಗಳಲ್ಲಿ ಕೋಠಿ, ಅಕ್ಕಿ ಮೊದಲಾದ ವ್ಯಾಪಾರದ ಮಾತುಗಳ ಜೊತೆಗೆ ಇಗರ್ಜಿಗಳ ಮಾತೂ ಬಂದಿತು. ಮಿರ್ಜಾನ, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಅವುಗಳನ್ನು ಕಟ್ಟಲು ಒಪ್ಪಿಗೆ ದೊರೆಯಿತು. ಅಕ್ಕಿಯ ಮೂಟೆಯ ಸಂಗಡವೇ ಆತ್ಮದ ಹಿತವೂ ತಕ್ಕಡಿಗೆ ಏರಿತೆನ್ನಬಹುದು.

ಇದಕ್ಕೆ ಬೇರೊಂದು ಮಾರ್ಗವೂ ಇತ್ತು. ಗೋವೆಯಲ್ಲಿ ಹುಟ್ಟಿ, ಪೋರ್ಚುಗಲ್ಲಿನ ದೊರೆಯ ನೇಮಕವಿಲ್ಲದೆ ನೇರವಾಗಿ ರೋಮಿನಿಂದ ಅಧಿಕಾರ ಪಡೆದು ಬಂದಿದ್ದ ಬಿಷಪ್ ಥಾಮಸ್ ದೆ ಕಾಸ್ತ್ರೋ ಎಂಬವನು 1680ರಲ್ಲಿ ಮಂಗಳೂರಿನಲ್ಲಿ ಮಿಲಾಗ್ರಿಸ್ ಇಗರ್ಜಿಯನ್ನು ಕಟ್ಟಿಸಿದನು. ಅದಕ್ಕೆ ನಿವೇಶನವನ್ನು ಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮಾಜಿಯೆಂದು ಆ ಇಗರ್ಜಿಯ ಇತಿಹಾಸ. ಇಲ್ಲಿ ಒಪ್ಪಂದವೂ ಇಲ್ಲ, ನೌಕಾಬಲದ ಬೆದರಿಕೆಯೂ ಇಲ್ಲ. ಒಬ್ಬನು ಕೇಳಿದನು, ಒಬ್ಬಳು ಕೊಟ್ಟಳು. ಆದರೆ ಪೋರ್ಚುಗೀಸ್ ಪಕ್ಷದ ಪಾದ್ರಿಗಳು ಈತನ ಅಧಿಕಾರವನ್ನು ಒಪ್ಪಲಿಲ್ಲ. ಪಾಪ, ಬಡ ವಲಸೆಗಾರರು ಯಾವ ಗುರುವಿನ ಕೈಯಲ್ಲಿ ಮದುವೆಯಾದರೆ ಸಿಂಧು, ಯಾವನ ಕೈಯಲ್ಲಿ ಅಸಿಂಧು ಎಂದು ತಿಳಿಯದೆ ತೊಳಲಿದರು. 1681ರಲ್ಲಿ ಗೋವೆಯಿಂದ ಬಂದ ತರುಣ ಪಾದ್ರಿ ಜೋಸೆಫ್ ವಾಸ್ ಈ ಜಗಳವನ್ನು ಆರಿಸಲು ಪ್ರಯತ್ನಪಟ್ಟು 1684ರಲ್ಲಿ ಹಿಂದಿರುಗಿದನು. ಬಳಿಕ ಆತನು 1687ರಲ್ಲಿ, ಡಚ್ಚರು ಕಥೋಲಿಕ ಪೂಜೆಯನ್ನು ನಿಷೇಧಿಸಿದ್ದ ಸಿಂಹಳಕ್ಕೆ ಕೂಲಿಯವನ ವೇಷದಲ್ಲಿ ಹೋದನು. ಮೊದಲು ಬೇಹುಗಾರನೆಂದು ಹಿಡಿದಿಟ್ಟ ಕ್ಯಾಂಡಿಯ ಬೌದ್ಧ ಅರಸನೇ ಕೊನೆಗೆ ಆತನಿಗೆ ಆಶ್ರಯದಾತನಾದನು. ಈ ವಾಸನನ್ನು 2015ರ ಜನವರಿ 14ರಂದು ಕೊಲಂಬೋ ನಗರದಲ್ಲಿ ಪೋಪ್ ಫ್ರಾನ್ಸಿಸರು ಸಂತನೆಂದು ಘೋಷಿಸಿದರು.

ಚೆನ್ನಮ್ಮಾಜಿಯ ಹೆಸರು ಬಂದಮೇಲೆ 1689ರ ಘಟನೆಯನ್ನು ಬಿಡುವಂತಿಲ್ಲ. ಶಿವಾಜಿಯ ಮಗ ರಾಜಾರಾಮನು ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವ ದಾರಿಯಲ್ಲಿ ಆಕೆಯ ಮರೆಹೊಕ್ಕನು. ಔರಂಗಜೇಬನ ಸೈನ್ಯ ಮೇಲೆ ಬರುವುದೆಂದು ಗೊತ್ತಿದ್ದೂ ಆಕೆ ಅವನನ್ನು ಸುರಕ್ಷಿತವಾಗಿ ದಾಟಿಸಿದಳು. ಸೈನ್ಯ ಬಂದಾಗ ಎದುರಿಸಿದಳು. ಆ ರಾಜಾರಾಮನ ವಂಶದಿಂದ ಕೊಲ್ಲಾಪುರದ ಸಂಸ್ಥಾನವು ಬೆಳೆಯಿತು. ಎರಡೂವರೆ ಶತಮಾನಗಳ ತರುವಾಯ, 1943ರಲ್ಲಿ, ರಷ್ಯದ ಸೆರೆಯಿಂದ ಬಿಡುಗಡೆಯಾಗಿ ಬಂದ ಸುಮಾರು 5,000 ಮಂದಿ ಪೋಲೆಂಡಿನ ನಿರಾಶ್ರಿತರಿಗೆ, ಮುಖ್ಯವಾಗಿ ಕಥೋಲಿಕರಾದ ಹೆಂಗಸರಿಗೂ ಮಕ್ಕಳಿಗೂ, ಬಿಡಾರ ಏರ್ಪಟ್ಟುದು ಅದೇ ಕೊಲ್ಲಾಪುರ ಸಂಸ್ಥಾನದ ವಳಿವಡೆಯಲ್ಲಿ. ಚರಿತ್ರೆಯು ಸಾಲವನ್ನು ಹೀಗೆ ಯಾರಿಗೋ ತೀರಿಸುವುದುಂಟು.

ಇನ್ನು ಪೋರ್ಚುಗೀಸರ ವಕಾಲತ್ತಿಗೆ ತೆತ್ತ ಬೆಲೆಯನ್ನು ನೋಡೋಣ. 1763ರಲ್ಲಿ ಬಿದನೂರು ಹೈದರಾಲಿಯ ಕೈಸೇರಿತು. 1783ರಲ್ಲಿ ಇಂಗ್ಲಿಷ್ ಸೇನಾಪತಿ ಮ್ಯಾಥ್ಯೂಸನು ಅದನ್ನು ಹಿಡಿದು, ಕೆಲವೇ ತಿಂಗಳಲ್ಲಿ ಟಿಪ್ಪುವಿಗೆ ಸೋತು ಶರಣಾದನು. ಕರಾವಳಿಯ ಕಥೋಲಿಕರು ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಹುಟ್ಟಿತು. ಕೆಲವರು ನೆರವಾಗಿರಬಹುದು. ಆದರೆ ಶಿಕ್ಷೆ ಬಂದುದು ಎಲ್ಲರಿಗೂ: 1784ರಲ್ಲಿ ಊರೂರಿಂದ ಅವರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದರು. ಅವರ ಸಂಖ್ಯೆಯನ್ನು 30 ಸಾವಿರದಿಂದ 70 ಸಾವಿರದ ವರೆಗೆ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬರೆದಿದ್ದಾರೆ. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಬಹಳ. 1799ರಲ್ಲಿ ಉಳಿದವರಿಗೆ ಬಿಡುಗಡೆಯಾಯಿತು. ನೂರಾರು ವರ್ಷ ಅದೇ ನೆಲವನ್ನು ಉತ್ತಿದ್ದರೂ, ಅವರ ಹೆಸರನ್ನು ದರಬಾರಿನಲ್ಲಿ ಎತ್ತುತ್ತಿದ್ದವನು ಪರದೇಶಿಯಾದುದರಿಂದ, ಕಷ್ಟಕಾಲದಲ್ಲಿ ಅವರೂ ಪರದೇಶಿಗಳಾಗಿಯೇ ಕಂಡರು. ನನ್ನ ತಿಳಿವಳಿಕೆಯಲ್ಲಿ ಈ ಇಡೀ ಕಥೆಯ ಮರ್ಮವು ಇಲ್ಲಿದೆ.

ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣದಲ್ಲಿ ಚದುರಿದ ಕ್ರೈಸ್ತರನ್ನು ಕೂಡಿಸಿದವನು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ. ಈತನು ಜನರಿಗೆ ದೇವಿ ಹಾಕಿಸಿದನು, ನೆಲೆಯಿಲ್ಲದವರಿಗೆ ಬೇಸಾಯದ ಊರುಗಳನ್ನು ಕಟ್ಟಿಸಿದನು. ಮೈಸೂರು ಸಂಸ್ಥಾನದ ಕಥೋಲಿಕ ಮಿಷನ್ನು ಬಹುಕಾಲ ಈ ಫ್ರೆಂಚರ ಕೈಯಲ್ಲಿತ್ತು. ಶಿವಮೊಗ್ಗದ ಸೀಮೆಯೂ 1963ರ ವರೆಗೆ ಮೈಸೂರಿನ ಬಿಷಪರಿಗೇ ಸೇರಿತ್ತು.

ಶಿವಮೊಗ್ಗದಿಂದ ಸುಮಾರು 12 ಮೈಲಿ ದೂರದ ಬೆಂಕಿಪುರ ಭದ್ರಾವತಿಯಾದ ಕಥೆಯು ಬೇರೆ ಬಗೆಯ ವಲಸೆಯದು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ಕಬ್ಬಿಣದ ಕಾರ್ಖಾನೆಯನ್ನು ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದುರು, ಮಲೆನಾಡಿನ ಸೌದೆಯ ಇದ್ದಲು. 1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪಿತವಾಯಿತು. ಅದುರಿತ್ತು, ಮರವಿತ್ತು, ನೀರಿತ್ತು, ಇಲ್ಲದಿದ್ದುದು ಜನ. ಚಳಿಜ್ವರದ ಭಯದಿಂದ ಬಯಲುಸೀಮೆಯ ಒಕ್ಕಲಿಗನು ಮಲೆನಾಡಿನ ಕಡೆಗೆ ತಲೆಹಾಕುತ್ತಿರಲಿಲ್ಲ. ಆದುದರಿಂದ ತಮಿಳು ಜಿಲ್ಲೆಗಳಿಂದ, ಆಂಧ್ರದಿಂದ, ಮಲಬಾರಿನಿಂದ ಕೆಲಸಗಾರರು ಬಂದರು. ಭದ್ರಾವತಿಯ ಪೇಟೆಯಲ್ಲಿ ಇಂದಿಗೂ ಕಿವಿಗೆ ಬೀಳುವ ನಾಲ್ಕು ಭಾಷೆಗಳು ಆ ಕಾಲದ ಗುರುತು. ಬಂದವರಲ್ಲಿ ಕಥೋಲಿಕರೂ ಇದ್ದರು.

ಇಂಥ ಕೆಲಸಗಾರನಿಗೆ ಚರ್ಚಿನಿಂದ ಆದ ಒಂದು ಉಪಕಾರವನ್ನು ಯಾರೂ ವಿಶೇಷವಾಗಿ ಹೇಳುವುದಿಲ್ಲ. ಅದು ದಫ್ತರಕ್ಕೆ ಸಂಬಂಧಪಟ್ಟದ್ದು. ಕಥೋಲಿಕ ಮಗುವಿನ ಜ್ಞಾನಸ್ನಾನವು ಹುಟ್ಟೂರಿನ ಚರ್ಚಿನ ಪುಸ್ತಕದಲ್ಲಿ ದಾಖಲಾಗುತ್ತದೆ. 1908ರಲ್ಲಿ ಜಾರಿಗೆ ಬಂದ ರೋಮಿನ ವಿಧಿಯಂತೆ, ಆ ಮನುಷ್ಯನು ಎಲ್ಲಿ ಮದುವೆಯಾದರೂ ಅಲ್ಲಿಯ ಗುರುವು ಹುಟ್ಟೂರಿನ ಗುರುವಿಗೆ ಕಾಗದ ಬರೆಯಬೇಕು. ಅವನು ಅದನ್ನು ಹಳೆಯ ಪುಸ್ತಕದ ಅಂಚಿನಲ್ಲಿ ಗುರುತುಮಾಡಬೇಕು. ಕುಲುಮೆಯ ಮುಂದೆ ಬೆವರುವ ಕೂಲಿಕಾರನಿಗೆ ಇದರಿಂದೇನು ಎನ್ನಬೇಡಿ. ಜನನದ ಪತ್ರವಾಗಲಿ ಶಾಲೆಯ ಪತ್ರವಾಗಲಿ ಇಲ್ಲದವನಿಗೆ, ತಾನು ಇಂಥವರ ಮಗ, ಇಂಥ ಊರಿನವನು ಎಂದು ತೋರಿಸುವುದಕ್ಕೆ ಇದೊಂದು ಆಧಾರವಿತ್ತು. ಊರಿನಲ್ಲಿ ಹೆಂಡತಿಯನ್ನು ಬಿಟ್ಟು ಇಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಳ್ಳುವ ಆಸಾಮಿಗೂ ಅದೇ ಕಾಗದವು ಅಡ್ಡಿಯಾಗುತ್ತಿತ್ತು. ಹೆಣ್ಣುಮಕ್ಕಳ ರಕ್ಷಣೆಗೆ ಇದು ಸಣ್ಣ ಮಾತಲ್ಲ.

ಭಾಷೆಯ ವಿಷಯದಲ್ಲಿ ಮಾತ್ರ ದಾರಿ ಅಷ್ಟು ಸುಗಮವಾಗಿರಲಿಲ್ಲ. ಇಟಲಿಯ ಬಿಷಪ್ ಸ್ಕಲಬ್ರಿನಿಯು 1887ರಲ್ಲಿ ಅಮೆರಿಕಾ ಖಂಡಗಳಿಗೆ ಹೋದ ತನ್ನ ದೇಶದ ಬಡವರಿಗಾಗಿ ಪಾದ್ರಿಗಳ ಸಂಘವೊಂದನ್ನು ಕಟ್ಟಿದ್ದನು. 1952ರಲ್ಲಿ ಹನ್ನೆರಡನೆಯ ಪಯಸ್ ಪೋಪರು, ವಲಸೆಗಾರನಿಗೆ ಅವನ ನುಡಿಯನ್ನು ಬಲ್ಲ ಗುರುವು ದೊರೆಯಬೇಕೆಂಬುದನ್ನು ಇಡೀ ಚರ್ಚಿಗೆ ನಿಯಮವಾಗಿ ವಿಧಿಸಿದರು. ನಿಯಮವು ನ್ಯಾಯವಾದುದೇ. ಆದರೆ ಬಂದವನ ಮಗನೂ ಮೊಮ್ಮಗನೂ ಇಲ್ಲಿಯೇ ಹುಟ್ಟಿ ಕನ್ನಡ ಶಾಲೆಯಲ್ಲಿ ಓದಿದಮೇಲೆ ಪೂಜೆ ಯಾವ ಭಾಷೆಯಲ್ಲಿ ನಡೆಯಬೇಕು? ಎರಡನೆಯ ವ್ಯಾಟಿಕನ್ ಸಭೆಯ ನಂತರ ಲ್ಯಾಟಿನ್ ಹೋಗಿ ದೇಶಭಾಷೆಗಳು ಬಂದಾಗ ಈ ಪ್ರಶ್ನೆಯು ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡ ತಮಿಳುಗಳ ಕಹಿಯಾದ ವ್ಯಾಜ್ಯವಾಯಿತು. ಬಂದವನ ನುಡಿಗೆ ಸ್ಥಳ ಕೊಡುವುದೂ ನೆಲದ ನುಡಿಗೆ ಸಲ್ಲಬೇಕಾದ ಮಾನವನ್ನು ಸಲ್ಲಿಸುವುದೂ ಒಂದಕ್ಕೊಂದು ವಿರೋಧವಲ್ಲವೆಂದು ಹೇಳುವುದು ಸುಲಭ. ಭಾನುವಾರ ಬೆಳಗಿನ ಒಂದೇ ಗಂಟೆಯನ್ನು ಇಬ್ಬರಿಗೆ ಹಂಚುವುದು ಕಷ್ಟ.

ಚಳಿಜ್ವರವು ಹತೋಟಿಗೆ ಬಂದ ಮೇಲೆ ಮೂರನೆಯ ಅಲೆ ಬಂದಿತು. ತಿರುವಾಂಕೂರಿನ ಸಿರಿಯನ್ ಕ್ರೈಸ್ತ ರೈತರು ಮೊದಲು ಮಲಬಾರಿನ ಕಾಡುಗಳಿಗೆ, ಅಲ್ಲಿಂದ ಮಲೆನಾಡಿಗೆ ಹಬ್ಬಿದರು. 1953ರಲ್ಲಿ ತಲಚೇರಿಯಲ್ಲಿ ಈ ವಲಸೆಗಾರರಿಗಾಗಿಯೇ ಧರ್ಮಪ್ರಾಂತವೊಂದು ಹುಟ್ಟಿತು. ಅದರ ಮೊದಲ ಬಿಷಪ್ ಸೆಬಾಸ್ಟಿಯನ್ ವಳ್ಳೋಪಿಳ್ಳಿಯವರು ರಸ್ತೆಗೂ ಶಾಲೆಗೂ ಆಸ್ಪತ್ರೆಗೂ ರೈತರ ಜೊತೆ ನಿಂತರು. 1961ರಲ್ಲಿ ಇಡುಕ್ಕಿಯ ಕಾಡಿನಿಂದ ರೈತರನ್ನು ಎಬ್ಬಿಸಿದಾಗ ಪಾದ್ರಿ ವಡಕ್ಕನ್ ಅವರೂ ಕಮ್ಯೂನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರೂ ಒಂದೇ ಪಕ್ಷದಲ್ಲಿ ನಿಂತುದನ್ನು ಕಂಡು ಜನ ಬೆರಗಾದರು. 1987ರ ಪತ್ರವೊಂದರಲ್ಲಿ ಎರಡನೆಯ ಜಾನ್ ಪಾಲ್ ಪೋಪರು, ಕೇರಳದ ಹೊರಗಿರುವ ಈ ಜನರಿಗೆ ಅವರ ಸಂಪ್ರದಾಯದ ಗುರುಗಳು ದೊರೆಯಲೆಂದು ಭಾರತದ ಬಿಷಪರಿಗೆ ಬರೆದರು. 2007ರಲ್ಲಿ ಸಿರೋ ಮಲಬಾರ್ ಚರ್ಚಿನ ಹೊಸ ಧರ್ಮಪ್ರಾಂತಕ್ಕೆ ಭದ್ರಾವತಿಯ ಹೆಸರೇ ಬಂದಿತು. ಇಷ್ಟರಲ್ಲಿ, 1988ರಲ್ಲಿ, ಶಿವಮೊಗ್ಗವೂ ಲ್ಯಾಟಿನ್ ಸಂಪ್ರದಾಯದ ಬಿಷಪರ ಪೀಠವಾಗಿದ್ದಿತು. 12 ಮೈಲಿಯ ಅಂತರದಲ್ಲಿ ಎರಡು ಪೀಠಗಳಿರುವುದಕ್ಕೆ ವಲಸೆಯ ಚರಿತ್ರೆಯನ್ನು ಬಿಟ್ಟು ಬೇರೆ ಸಮಾಧಾನವಿಲ್ಲ.

ಆದರೂ ಒಂದು ಮಾತನ್ನು ಮುಚ್ಚಿಡಬಾರದು. ವೈನಾಡಿನಲ್ಲಿ ರೈತ ವಲಸೆಗಾರನು ಕೊಡಲಿಯನ್ನೆತ್ತಿದ ಕಾಡು ನಿರ್ಜನವಾಗಿರಲಿಲ್ಲ. ಅಲ್ಲಿ ಪಣಿಯರಿದ್ದರು, ಕುರಿಚ್ಯರಿದ್ದರು. ಬಂದವನಿಗೆ ನಾಲಿಗೆಯಾದವರು ಇದ್ದವನಿಗೂ ಕಿವಿಯಾಗಿದ್ದರೆಂದು ಎಲ್ಲ ಕಡೆಯೂ ಹೇಳಲಾಗದು. ನಮ್ಮ ಜಿಲ್ಲೆಯಲ್ಲಿಯೇ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟೆ ತುಂಬಿದಾಗ, ನಾಡಿಗೆ ವಿದ್ಯುತ್ತನ್ನು ಕೊಟ್ಟು ತಾವು ಮನೆ ಕಳೆದುಕೊಂಡ ಶರಾವತಿ ಕಣಿವೆಯವರು ಶಿವಮೊಗ್ಗ, ಭದ್ರಾವತಿಗಳ ಸುತ್ತಣ ಕಾಡಂಚಿಗೆ ಬಂದು ಬಿದ್ದರು. ಅವರಿಗೆ ಹಿಂದೆ ಕಾಗದ ಬರೆಯುವ ಹುಟ್ಟೂರೂ ಉಳಿದಿರಲಿಲ್ಲ. ಅದು ನೀರಿನ ಕೆಳಗಿತ್ತು. ಜಮೀನಿನ ಹಕ್ಕುಪತ್ರಕ್ಕಾಗಿ ಅವರ ಮಕ್ಕಳು ಇಂದಿಗೂ ಕಚೇರಿಗಳ ಮೆಟ್ಟಿಲು ಹತ್ತುತ್ತಿದ್ದಾರೆ.

ಈಗ ಹೊಳೆಯು ಹಿಂದಕ್ಕೆ ಹರಿಯುತ್ತಿದೆ. ಕಾಗದದ ಕಾರ್ಖಾನೆಯು 2015ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವು 2023ರ ಜನವರಿಯಲ್ಲಿ ಹೊರಟು, ಅದೇ ವರ್ಷದ ಆಗಸ್ಟಿನಲ್ಲಿ ಒಂದು ಭಾಗ ಮತ್ತೆ ಚಾಲನೆಗೊಂಡಿತು. ಸೇಲಂ, ತಿರುಚಿನಾಪಳ್ಳಿಗಳಿಂದ ಬಂದ ಮುತ್ತಜ್ಜಂದಿರ ಮರಿಮಕ್ಕಳು ಬೆಂಗಳೂರಿಗೂ ಕೊಲ್ಲಿಯ ದೇಶಗಳಿಗೂ ಹೊರಡುತ್ತಿದ್ದಾರೆ. ಅವರು ಅಲ್ಲಿ ಮದುವೆಯಾದರೆ ತಿಳಿವಳಿಕೆಯ ಕಾಗದವು ಭದ್ರಾವತಿಗೆ ಬರುತ್ತದೆ. ಇಲ್ಲಿಯ ಪುಸ್ತಕದ ಅಂಚಿನಲ್ಲಿ ಗುರುತಾಗುತ್ತದೆ.